ಇಸಿಜಿ ಓದುವ ಕಣ್ಣು ಹೋಬಳಿಯಲ್ಲೂ ಇರಲಿ

ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆದು, ಬಲ್ಲವರು ಅದನ್ನು ನೋಡಿರಬೇಕು. ಹೃದ್ರೋಗ ಚಿಕಿತ್ಸೆಯಲ್ಲಿ ಇದು ಎಲ್ಲೆಡೆ ಒಪ್ಪಿತವಾದ ನಿಯಮ. ನಂದಗುಡಿ ಹೋಬಳಿಯ ಹಳ್ಳಿಗಳಲ್ಲಿ ಎದೆ ಬಿಗಿದು ಬೆವತರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿಸುತ್ತಾರೆ. ಆಮೇಲೆ ತಾಲೂಕು ಕೇಂದ್ರ ಹೊಸಕೋಟೆಗೆ ಗಾಡಿ ಹುಡುಕುತ್ತಾರೆ. ಮೊದಲ ಇಸಿಜಿ ಹೋಬಳಿಯಲ್ಲೇ ಆಗಬೇಕು.

ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ತಂದ ‘ಹೃದಯ ಜ್ಯೋತಿ’ ಯೋಜನೆ ದಾರಿ ತೋರಿಸಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತ. ಅದು ಬೇಗ ಸಿಕ್ಕಷ್ಟೂ ಹೆಚ್ಚು ಗುಣ. ರಕ್ತಸ್ರಾವದ ಅಪಾಯವೂ ಇರುವುದರಿಂದ ಇಸಿಜಿಯ ಓದು ತಪ್ಪುವಂತಿಲ್ಲ.

ಆ ಓದಿನ ಮೊದಲ ಪಾಠ ಕಷ್ಟದ್ದಲ್ಲ. ಎದೆಗೆ ಆರು, ಕೈಕಾಲಿಗೆ ನಾಲ್ಕು ತಂತಿ ಜೋಡಿಸಿದರೆ ಹೃದಯದ ವಿದ್ಯುತ್ ಚಲನೆ ಹನ್ನೆರಡು ಕೋನಗಳಿಂದ ದಾಖಲಾಗುತ್ತದೆ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ಒಂದು ದೊಡ್ಡ ಚೌಕವೆಂದರೆ 0.2 ಸೆಕೆಂಡ್. ಬಡಿತ ಕ್ರಮಬದ್ಧವಾಗಿದ್ದು, ಎರಡು ಎತ್ತರದ ಮೊನೆಗಳ ನಡುವೆ ನಾಲ್ಕು ದೊಡ್ಡ ಚೌಕಗಳಿದ್ದರೆ 300ನ್ನು ನಾಲ್ಕರಿಂದ ಭಾಗಿಸಿ: ನಿಮಿಷಕ್ಕೆ 75 ಬಡಿತ. ಪುಟ್ಟ ‘ಪಿ’ ಅಲೆ ಹೃದಯದ ಮೇಲಿನ ಕೋಣೆಗಳದ್ದು, ಚೂಪಾದ ‘ಕ್ಯೂಆರ್‌ಎಸ್’ ಕೆಳಗಿನ ಕೋಣೆಗಳದ್ದು. ‘ಟಿ’ ಬರುವಾಗ ಅವು ಮುಂದಿನ ಬಡಿತಕ್ಕೆ ಸಜ್ಜಾಗುತ್ತಿರುತ್ತವೆ. ‘ಎಸ್’ ಮತ್ತು ‘ಟಿ’ ನಡುವಿನ ಗೆರೆ ಅಕ್ಕಪಕ್ಕದ ಕೋನಗಳಲ್ಲಿ ಮೇಲೆದ್ದಿದ್ದರೆ, ಹೃದಯದ ರಕ್ತನಾಳ ಮುಚ್ಚಿರುವ ಶಂಕೆಯಿಂದ ಕೂಡಲೇ ತಜ್ಞರಿಗೆ ಕಳಿಸಬೇಕು.

ಆದರೆ ‘ಇಸಿಜಿ ನಾರ್ಮಲ್’ ಎಂಬ ಮಾತನ್ನು ಅತಿಯಾಗಿ ನಂಬಬಾರದು. ಸಾಮಾನ್ಯ ಇಸಿಜಿ ಹಿಡಿಯುವುದು ಸುಮಾರು ಹತ್ತು ಸೆಕೆಂಡಿನ ಹೃದಯವನ್ನು ಮಾತ್ರ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ತಪಾಸಣೆಗೆ ಸಾಲುಗಟ್ಟಿದರು. ಆದರೆ ನೋವಿಲ್ಲದಾಗ ತೆಗೆಸಿದ ಒಂದು ಇಸಿಜಿ ನಾಳಿನ ಹೃದಯಾಘಾತವನ್ನು ಹೇಳಲಾರದು. ನೋವಿದ್ದಾಗ ಮೊದಲ ಇಸಿಜಿ ಸರಿ ಕಂಡರೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ರಕ್ತದ ಟ್ರೋಪೋನಿನ್ ಪರೀಕ್ಷೆ ಮಾಡಿಸಬೇಕು. ಹಳೆಯ ಇಸಿಜಿ ಕೈಲಿದ್ದರೆ ಹೋಲಿಸಿ ನೋಡಲು ವೈದ್ಯರಿಗೆ ದೊಡ್ಡ ಅನುಕೂಲ.

ಹೀಗಾಗಿ ಹೋಬಳಿಗೊಂದು ಯಂತ್ರ ಕೊಟ್ಟು ಸುಮ್ಮನಾದರೆ ಸಾಲದು. ತಂತಿಗಳನ್ನು ಸರಿಯಾದ ಜಾಗಕ್ಕೆ ಹಚ್ಚಲು, ಅಪಾಯದ ಗೆರೆ ಗುರುತಿಸಲು ನರ್ಸ್‌ಗಳಿಗೆ ನಿಯಮಿತ ತರಬೇತಿ ಬೇಕು. ರಾತ್ರಿ ಪಾಳಿಯಲ್ಲೂ ತಜ್ಞರ ಸಂಪರ್ಕ, ಆಂಬುಲೆನ್ಸ್ ಸಿಗಬೇಕು. ಆರೋಗ್ಯ ಇಲಾಖೆ ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ತೆಗೆದಿಡಲಿ.