ಕಟುಕ ಎಂಬ ಮಾತು

ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಂಡ್ಯ, ರಾಮನಗರ, ಬೆಂಗಳೂರಿನ ಮಟನ್ ಅಂಗಡಿಗಳ ಮುಂದೆ ಬೆಳಕು ಹರಿಯುವ ಮುಂಚೆಯೇ ಸಾಲು ನಿಂತಿರುತ್ತದೆ. ಹಳ್ಳಿಗಳಲ್ಲಿ ನಾಲ್ಕಾರು ಮನೆಯವರು ಸೇರಿ ಮರಿ ಕಡಿಸಿ ಗುಡ್ಡೆ ಹಾಕಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನೆಲೆಸಿದ ಕನ್ನಡಿಗರಲ್ಲೂ ಬಾಡೂಟದ ಮನೆಗಳು ಈ ರೂಢಿ ಬಿಟ್ಟಿಲ್ಲ. ಹಬ್ಬ ವಾರದ ನಡುವೆ ಬಿದ್ದರೆ ತೊಡಕನ್ನು ಶನಿವಾರಕ್ಕೆ ತಳ್ಳಿ, ಎಲ್ ಕಮಿನೋ ರಿಯಲ್ ರಸ್ತೆಯ ಕಡೆಯ ಹಲಾಲ್ ಅಂಗಡಿಗೆ ಹೋಗಿ 'ಕರಿ ಕಟ್' ಕೇಳುತ್ತಾರೆ.

ಅಂಥ ಕೌಂಟರಿನ ಮುಂದೆ ಒಮ್ಮೆ ಗಮನವಿಟ್ಟು ನಿಲ್ಲಬೇಕು. ಮಾಂಸ ಬಿಡಿಸುವವನ ಎಡಗೈಗೆ ಉಕ್ಕಿನ ಹೆಣಿಗೆಯ ಗವಸು, ಬಲಗೈಯಲ್ಲಿ ಗೇಣುದ್ದದ ಸಪೂರ ಚೂರಿ. ಮೇಕೆಯ ತೊಡೆಗೆ ಅವನು ಏಟು ಹಾಕುವುದೇ ಇಲ್ಲ. ಬೆರಳ ತುದಿಯಿಂದ ಕೀಲು ಹುಡುಕಿ, ಚೂರಿಯ ಮೊನೆಯನ್ನು ಅಲ್ಲಿಟ್ಟು ತಿರುವುತ್ತಾನೆ. ಕಾಲು ತಾನಾಗಿ ಕಳಚಿ ಬರುತ್ತದೆ. ಆಮೇಲೆ ಬ್ಯಾಂಡ್ ಗರಗಸ. ಊರಲ್ಲಿ ಹುಣಸೆ ದಿಮ್ಮಿಯ ಮೇಲೆ ಮಚ್ಚು ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಗರಗಸದಿಂದ ಏಳುವ ಮೂಳೆಪುಡಿ ಉಳಿದರೆ ಸಾರು ಬಾಯಿಗೆ ಗರಗರ ಸಿಗುತ್ತದೆ. ಬಲ್ಲವನು ಅದನ್ನು ಒರೆಸಿಯೇ ತೂಕಕ್ಕೆ ಹಾಕುತ್ತಾನೆ.

ಈ ಯಂತ್ರವನ್ನು 18 ವರ್ಷ ತುಂಬದವರ ಕೈಗೆ ಕೊಡಕೂಡದೆಂದು ಅಮೆರಿಕದ ಫೆಡರಲ್ ಕಾನೂನಿದೆ. ಕಲಿಯಲು ಬಂದವರು ತಟ್ಟೆ ತೊಳೆದು, ಪೊಟ್ಟಣ ಕಟ್ಟಿ, ಕೋಳಿಯಲ್ಲಿ ಕೈ ಪಳಗಿಸಿಕೊಂಡು, ಇಡೀ ಮೇಕೆಯನ್ನು ಬಿಡಿಸುವ ಹೊತ್ತಿಗೆ ವರ್ಷಗಳು ಹಿಡಿಯುತ್ತವೆ. ದಿನವಿಡೀ ನಿಂತೇ ಕೆಲಸ, ತಣ್ಣನೆಯ ಕೋಣೆಗೆ ಹೋಗಿ ಬಂದು ಮರಗಟ್ಟುವ ಬೆರಳು, ಸವೆಯುವ ಮಣಿಕಟ್ಟು. ಕಾರ್ಮಿಕ ಸಂಘವಿರುವ ದೊಡ್ಡ ಅಂಗಡಿಗಳಲ್ಲಿ ಸಂಬಳ, ವಿಮೆ ಕರಾರಿನ ಪ್ರಕಾರ ಸಿಗುತ್ತವೆ. ಚಿಕ್ಕ ಅಂಗಡಿಯಲ್ಲಿ ಮಾಲೀಕರ ಮನಸ್ಸಿಗೆ ಬಂದಂತೆ.

ಇಷ್ಟು ಪಳಗಿದ ಕೈಯನ್ನು ಬೇಡುವ ಕಸುಬಿನ ಹೆಸರು ನಮ್ಮಲ್ಲಿ ಬೈಗುಳವಾಗಿದೆ. ಮಗುವಿಗೆ ಹೊಡೆದವನು, ಹೆಂಡತಿಯನ್ನು ಪೀಡಿಸಿದವನು, ಸಾಲಗಾರನ ಮನೆ ಹರಾಜಿಗೆ ಹಾಕಿದವನು, ಎಲ್ಲರೂ ನಮಗೆ 'ಕಟುಕ'. ಮಾಂಸ ತಿನ್ನುವುದೇ ತಪ್ಪು ಎನ್ನುವವರ ಮಾತು ನೇರವಾಗಿದೆ, ಅದರ ಮೇಲೆ ನನ್ನ ತಕರಾರಿಲ್ಲ. ಊಟ ತನ್ನದು, ಪಾಪ ಕಡಿದವನದು ಎನ್ನುವವರ ಮೇಲೆ ತಕರಾರಿದೆ.

ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆ ಬರುತ್ತದೆ. ತಪಸ್ವಿ ಕೌಶಿಕ ಮಿಥಿಲೆಯ ಮಾಂಸದಂಗಡಿಗೆ ಹೋಗಿ ಧರ್ಮ ಕೇಳಿಕೊಳ್ಳುತ್ತಾನೆ. ಆದರೆ ಆ ವ್ಯಾಧ ಒಂದು ಮಾತು ಸೇರಿಸುತ್ತಾನೆ: ತಾನು ಮಾರುವುದು ಬೇರೆಯವರು ಕೊಂದ ಪ್ರಾಣಿಯ ಮಾಂಸ, ತಾನು ಕೊಲ್ಲುವುದೂ ಇಲ್ಲ, ತಿನ್ನುವುದೂ ಇಲ್ಲ. ಅವನಿಗೆ ಗುರುವಿನ ಪೀಠ ಕೊಟ್ಟ ಕಥೆಯೂ ಕೊಲ್ಲುವ ಕೈಯನ್ನು ಅಂಗಡಿಯ ಆಚೆಗೇ ಇಟ್ಟಿತು.

ಅಮೆರಿಕ ಮಾಡಿದ್ದೂ ಅದನ್ನೇ. 1850ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ಜರ್ಮನಿಯ ಹುಡುಗ ಹೆನ್ರಿ ಮಿಲ್ಲರ್ ಕಟುಕನ ಕೆಲಸದಿಂದಲೇ ಶುರುಮಾಡಿ ದನಗಳ ದೊರೆ ಎನಿಸಿಕೊಂಡ. ಸಾಂಟಾ ಕ್ಲಾರಾ ಕೌಂಟಿಯ ಗಿಲ್‌ರಾಯ್ ಬಳಿ ಅವನ ದೊಡ್ಡ ರ‍್ಯಾಂಚ್ ಇತ್ತು. ಆಗ ಕಡಿಯುವುದು, ಬಿಡಿಸುವುದು, ಮಾರುವುದು ಒಂದೇ ಊರಿನೊಳಗೆ ನಡೆಯುತ್ತಿತ್ತು. 1960ರ ದಶಕದಲ್ಲಿ ಮಾಂಸವನ್ನು ಕಾರ್ಖಾನೆಯಲ್ಲೇ ತುಂಡುಮಾಡಿ ಪೆಟ್ಟಿಗೆಯಲ್ಲಿ ಕಳಿಸುವ ಪದ್ಧತಿ ಬಂತು. ಕೊಲ್ಲುವ ಕೆಲಸ ಅಯೋವಾ, ನೆಬ್ರಾಸ್ಕಾ, ಕಾನ್ಸಾಸಿನ ಸಣ್ಣ ಊರುಗಳಿಗೆ, ಬಹುಪಾಲು ವಲಸೆ ಬಂದವರ ಕೈಗೆ ಹೋಯಿತು. ಸಾಂಟಾ ಕ್ಲಾರಾದ ಕೌಂಟರಿನಲ್ಲಿ ಬಿಳಿ ಏಪ್ರನ್ ತೊಟ್ಟವರಿಗೆ ಇಂದು ಸಿಗುವ ಮರ್ಯಾದೆಗೆ ರಕ್ತ ಕಣ್ಣಿಗೆ ಬೀಳದಿರುವುದೂ ಒಂದು ಕಾರಣ. ಹಾಗಾಗಿ ಅಲ್ಲಿಯವರು ನಮಗಿಂತ ಉದಾರಿಗಳು ಎನ್ನಲು ನನಗೆ ಮನಸ್ಸಿಲ್ಲ.

ದುಡಿಯುವ ಕೈಯನ್ನು ಮರೆಯಲ್ಲಿಟ್ಟು ಉಣ್ಣುವ ಈ ರೀತಿ 2020ರ ಕೋವಿಡ್ ಕಾಲದಲ್ಲಿ ಬಯಲಾಯಿತು. ಮಾರ್ಚ್ 16ರಂದು ಸಾಂಟಾ ಕ್ಲಾರಾ ಸೇರಿದಂತೆ ಬೇ ಏರಿಯಾದ ಆರು ಕೌಂಟಿಗಳು ಜನರಿಗೆ ಮನೆಯಲ್ಲೇ ಇರಲು ಆದೇಶ ಕೊಟ್ಟವು. ನಮ್ಮ ಎಂಜಿನಿಯರುಗಳು ಲ್ಯಾಪ್‌ಟಾಪ್ ತೆರೆದು ಮನೆಯಲ್ಲಿ ಕೂತರು. ಮಾಂಸದ ಕೌಂಟರಿನವರು ಎಂದಿನಂತೆ ಕೆಲಸಕ್ಕೆ ಹೋದರು, ಏಕೆಂದರೆ ಅವರು ಅಗತ್ಯ ಕಾರ್ಮಿಕರು. ಅತ್ತ ಮಾಂಸದ ಕಾರ್ಖಾನೆಗಳಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರಲ್ಲಿ ಸೋಂಕು ಹಬ್ಬಿ, ಕೆಲವು ಬಾಗಿಲು ಹಾಕಿದವು. ಏಪ್ರಿಲ್ 28ರಂದು ಅವು ನಡೆಯುತ್ತಲೇ ಇರಬೇಕೆಂದು ಅಧ್ಯಕ್ಷರ ಆದೇಶ ಬಂತು. ಅಷ್ಟು ಅಗತ್ಯವಾಗಿದ್ದವರ ಮುಖ ನೋಡದೆಯೇ ದೇಶ ಊಟ ಮಾಡಿತು.

ಹೊಸತೊಡಕಿನ ಸಾಲಿನಲ್ಲಿ ನಿಲ್ಲುವವರಲ್ಲಿ ನನ್ನದೊಂದು ಕೋರಿಕೆ. ಕೌಂಟರಿನ ಆಚೆ ನಿಂತವರ ಹೆಸರು ಕೇಳಿ, ಕೆಲಸ ಚೆನ್ನಾಗಿದ್ದರೆ ಬಾಯಿಬಿಟ್ಟು ಹೇಳಿ. ಮನೆಗೆ ಬಂದ ಮೇಲೆ, ಮಕ್ಕಳ ಎದುರು ಯಾರ ಕ್ರೌರ್ಯದ ಬಗ್ಗೆಯಾದರೂ ಮಾತು ಬಂದರೆ, ಅವರನ್ನು ಕ್ರೂರಿ ಎಂದೇ ಕರೆಯಿರಿ. ಕಟುಕ ಎನ್ನಬೇಡಿ.