ಗ್ರಂಥಪಾಲರ ನಾಯಕತ್ವವೂ ಹೊರನಾಡಿನ ಕನ್ನಡ ಪುಸ್ತಕವೂ

ಕಳೆದ ಚಳಿಗಾಲದಲ್ಲಿ ಗ್ರಂಥಪಾಲರ ವೃತ್ತಿಸಂಘವೊಂದು ತನ್ನ ಪದಾಧಿಕಾರಿಗಳಿಗೂ ಮುಂದೆ ಪದಾಧಿಕಾರಿಗಳಾಗಬಹುದಾದವರಿಗೂ ದೆಹಲಿಯಲ್ಲಿ ಎರಡು ದಿನಗಳ ನಾಯಕತ್ವ ಶಿಬಿರವನ್ನು ಏರ್ಪಡಿಸಿತ್ತು. ಕೇಂದ್ರ ಸರ್ಕಾರದ ಗ್ರಂಥಾಲಯಗಳಲ್ಲಿ ಮೂವತ್ತು ವರ್ಷಗಳನ್ನು ಸಮೀಪಿಸುತ್ತಿರುವವನೆಂಬ ಕಾರಣಕ್ಕೆ ನನಗೂ ಆಹ್ವಾನ ಬಂದಿತು. ಹೋದೆ. ಅಲ್ಲಿ ಕೇಳಿದ್ದಕ್ಕಿಂತ ಕೇಳದೆ ಹೋದದ್ದರ ಬಗ್ಗೆ ಬರೆಯಬೇಕೆನಿಸಿದೆ. ಹೊರನಾಡಿನಲ್ಲಿ ನೆಲಸಿರುವ ನಮಗೂ ಅದಕ್ಕೂ ನೇರವಾದ ಸಂಬಂಧವಿದೆ ಎಂಬುದೇ ಈ ಪತ್ರಿಕೆಯಲ್ಲಿ ಬರೆಯಲು ಕಾರಣ.

ಮೊದಲ ದಿನ ಬಂದ ತರಬೇತುದಾರರು ಗ್ರಂಥಾಲಯದ ನಂಟಿದ್ದವರಲ್ಲ. ಕಂಪೆನಿಗಳ ಅಧಿಕಾರಿಗಳಿಗೆ ಪಾಠ ಹೇಳುವವರು. ನೆಲದ ಮೇಲೆ ಹಾಸಿದ ವೃತ್ತಪತ್ರಿಕೆಯ ಒಂದೇ ಹಾಳೆಯ ಮೇಲೆ ಎಂಟು ಜನ ನಿಲ್ಲಬೇಕೆಂಬುದು ಅವರ ಮೊದಲ ಆಟ. ನನಗಿಂತ ಹಿರಿಯರೊಬ್ಬರು ನನ್ನ ಹೆಗಲು ಹಿಡಿದು ಒಂಟಿಕಾಲಿನಲ್ಲಿ ನಿಂತು, ಪತ್ರಿಕೆಯನ್ನು ಓದಲು ಕೊಡುವುದು ನಮ್ಮ ಕೆಲಸ, ತುಳಿಯುವುದಲ್ಲ ಎಂದು ಗೊಣಗಿದರು. ಮಧ್ಯಾಹ್ನ ಗಣಕೀಕರಣದ ಬಗ್ಗೆ ಎರಡು ಉಪನ್ಯಾಸಗಳಾದವು. ಇಂಥ ಎಲ್ಲ ಸಭೆಗಳಲ್ಲಿಯೂ ಆಗುವಂಥವೇ. ಊಟ ಚೆನ್ನಾಗಿತ್ತು.

ಎರಡನೆಯ ದಿನದ ಮುಕ್ತ ಚರ್ಚೆಯಲ್ಲಿ ಕೊನೆಯ ಸಾಲಿನಿಂದ ಒಬ್ಬ ತರುಣಿ ಎದ್ದು ನಿಂತಳು. ಪೂರ್ವ ಭಾರತದ ಯಾವುದೋ ಸಣ್ಣ ಪಟ್ಟಣದ ಗ್ರಂಥಾಲಯದವಳು. ಹನ್ನೊಂದು ತಿಂಗಳ ಗುತ್ತಿಗೆಯನ್ನು ನಾಲ್ಕು ಬಾರಿ ನವೀಕರಿಸಿದ್ದಾರಂತೆ. ಬೀಗ ತೆಗೆಯುವವಳೂ ಕಸ ಗುಡಿಸುವವಳೂ ಪುಸ್ತಕ ಕೊಡುವವಳೂ ಅವಳೇ. 'ನನ್ನ ಹಿಂದೆಯೂ ಯಾರೂ ಇಲ್ಲ, ಮುಂದೆಯೂ ಯಾರೂ ಇಲ್ಲ. ನಾನು ಯಾರಿಗೆ ನಾಯಕಿ?' ಎಂದು ಹಿಂದಿಯಲ್ಲಿ ಕೇಳಿದಳು. ಮೊದಲು ನಿನಗೆ ನೀನು ನಾಯಕಿಯಾಗು ಎಂದು ತರಬೇತುದಾರರು ಉತ್ತರಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಚಪ್ಪಾಳೆಯ ನೆನಪು ಇಂದಿಗೂ ನನಗೆ ಮುಜುಗರ ತರುತ್ತದೆ.

ವೇದಿಕೆಯ ಮೇಲೆ ಎಸ್. ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕಲಾಗಿತ್ತು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿದಾಗ ಅದರ ಕಾರ್ಯದರ್ಶಿಯಾದರು. ಆ ಸಂಘದವರಿಗೆ ನಾಯಕತ್ವವೆಂಬ ಪದವೇ ಬೇಕಾಗಿರಲಿಲ್ಲವೆಂದು ತೋರುತ್ತದೆ. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೋದದ್ದು ಆ ಚಳವಳಿಯ ಕಾಲದಲ್ಲಿಯೇ. ರಂಗನಾಥನ್ ಮಸೂದೆ ಬರೆದರು, ಶಾಸಕರ ಬೆನ್ನು ಹತ್ತಿದರು, ಸೋತರು, ತಿದ್ದಿ ಮತ್ತೆ ಬರೆದರು. ಸಂಘ ಹುಟ್ಟಿದ ಇಪ್ಪತ್ತು ವರ್ಷಗಳ ಮೇಲೆ, 1948ರಲ್ಲಿ, ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯಕ್ಕೆಂದೇ ಕರ ಸಂಗ್ರಹಿಸುವ ವ್ಯವಸ್ಥೆ ಅದರಲ್ಲಿತ್ತು. 1965ರ ಮೈಸೂರು ರಾಜ್ಯದ ಕಾಯಿದೆಯೂ ಕರವನ್ನು ಒಪ್ಪಿತು. 1967ರ ಮಹಾರಾಷ್ಟ್ರದ ಕಾಯಿದೆ ಕರವಿಲ್ಲದೆ ಅನುದಾನದ ದಾರಿ ಹಿಡಿಯಿತು. ನಾವು ಶಿಬಿರ ನಡೆಸಿದ ದೆಹಲಿಗೆ ಅಂಥ ಕಾಯಿದೆಯೇ ಇಲ್ಲ. ಎರಡು ದಿನಗಳಲ್ಲಿ ಒಬ್ಬರೂ ಆ ಮಾತನ್ನು ಎತ್ತಲಿಲ್ಲ. ಆ ತರುಣಿಯ ಪ್ರಶ್ನೆಗೆ ಉತ್ತರವಿದ್ದದ್ದು ಹಾರದ ಹಿಂದೆ. ನಾವು ಅದನ್ನು ಆತ್ಮವಿಶ್ವಾಸದ ಪ್ರಶ್ನೆಯಾಗಿ ಮಾರ್ಪಡಿಸಿ ಕೂರಿಸಿದೆವು.

ನಮ್ಮವರ ಅಂಜಿಕೆಗೂ ಕಾರಣವಿದೆ. ಸರ್ಕಾರದ ದೃಷ್ಟಿಯಲ್ಲಿ ಗ್ರಂಥಪಾಲನು ಬಹುಮಟ್ಟಿಗೆ ಉಗ್ರಾಣದವನು. 2017ರ ಸಾಮಾನ್ಯ ಹಣಕಾಸು ನಿಯಮಗಳು ಇಪ್ಪತ್ತು ಸಾವಿರದವರೆಗೆ ಪುಸ್ತಕಗಳಿರುವ ಗ್ರಂಥಾಲಯದಲ್ಲಿ ಪ್ರತಿವರ್ಷವೂ ಒಂದೊಂದನ್ನೂ ಎಣಿಸಬೇಕೆನ್ನುತ್ತವೆ. ಓದಲು ಕೊಟ್ಟ ಸಾವಿರಕ್ಕೆ ಐದು ಕಳೆದುಹೋದರೆ ಸಹಜವೆಂದು ಅವೇ ನಿಯಮಗಳು ಒಪ್ಪುತ್ತವೆ. ಸಾವಿರ ರೂಪಾಯಿಗೆ ಮೀರಿದ ಪುಸ್ತಕವೊಂದು ಕಾಣೆಯಾದರೆ ಮಾತ್ರ ತನಿಖೆ ತಪ್ಪದು. ಈ ರಿಯಾಯಿತಿಯನ್ನು ನೆನಪಿಟ್ಟುಕೊಂಡವರು ಕಡಿಮೆ, ತನಿಖೆಯನ್ನು ನೆನಪಿಟ್ಟುಕೊಂಡವರೇ ಹೆಚ್ಚು. ಆದ್ದರಿಂದಲೇ ಎಷ್ಟೋ ಕಡೆ ಕಪಾಟಿಗೆ ಬೀಗ ಬಿದ್ದಿದೆ. ಪುಸ್ತಕ ಕೊಡಲು ಹೆದರುವವನಿಗೆ ನಾಯಕತ್ವದ ಪಾಠ ಹೇಳಿ ಏನು ಪ್ರಯೋಜನ?

ಇನ್ನು ನಮ್ಮ ವಿಷಯ. 1954ರ ಪುಸ್ತಕ ವಿತರಣಾ ಕಾಯಿದೆಯ ಪ್ರಕಾರ ಭಾರತದ ಯಾವುದೇ ಭಾಷೆಯ ಪ್ರಕಾಶಕನು ಪುಸ್ತಕ ಹೊರಬಂದ ಮೂವತ್ತು ದಿನಗಳೊಳಗೆ ತನ್ನ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು: ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬಯಿಯ ಕೇಂದ್ರ ಗ್ರಂಥಾಲಯ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯ. ನಾಲ್ಕೂ ಹೊರನಾಡಿನ ಊರುಗಳೇ! ಧಾರವಾಡದಲ್ಲೋ ಬೆಂಗಳೂರಿನಲ್ಲೋ ಅಚ್ಚಾಗುವ ಕನ್ನಡ ಪುಸ್ತಕ ಕಾನೂನಿನ ಪ್ರಕಾರ ನಮ್ಮೂರಿಗೆ ಬರಲೇಬೇಕು. ಕಳಿಸದ ಪ್ರಕಾಶಕನಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ ಮತ್ತು ಪುಸ್ತಕದ ಬೆಲೆ. ಆದರೆ ದೊಡ್ಡ ತೊಡಕು ಬೇರೆಯಿದೆ. ಬಂದ ಪುಸ್ತಕದ ಹೆಸರನ್ನು ಓದಬಲ್ಲವರು, ಅದನ್ನು ಬಯಸಿ ಬಾಗಿಲಿಗೆ ಬರುವವರು ಇಲ್ಲದಿದ್ದರೆ ಕಾನೂನು ಏನು ಮಾಡೀತು?

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಹಿಂದೆ ಕೆಲಸ ಮಾಡಿದ ಗ್ರಂಥಾಲಯ ಈ ನಾಲ್ಕರಲ್ಲಿ ಒಂದಲ್ಲ. ನಿವೃತ್ತರೊಬ್ಬರ ಮನೆಯಿಂದ ಆರುನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳು ಅಲ್ಲಿಗೆ ದಾನವಾಗಿ ಬಂದವು. ಕನ್ನಡ ಯಾವುದು, ತೆಲುಗು ಯಾವುದು ಎಂದು ಗುರುತಿಸಬಲ್ಲ ಸಿಬ್ಬಂದಿ ನನ್ನ ಹೊರತು ಯಾರೂ ಇರಲಿಲ್ಲ. ಎರಡನ್ನೂ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ 'ದಕ್ಷಿಣ' ಎಂದು ಚೀಟಿ ಅಂಟಿಸಿದ್ದರು. ಶನಿವಾರಗಳಂದು ಕುಳಿತು ಇನ್ನೂರರಷ್ಟನ್ನು ವಿಂಗಡಿಸಿ ಸೂಚಿ ಬರೆದೆ. ಅಷ್ಟರಲ್ಲಿ ಬಡ್ತಿ ಬಂದಿತು, ಬೇರೆ ಕಚೇರಿಗೆ ಹೋದೆ. ಮುಂದೆ ಆ ಕೆಲಸವನ್ನು ಯಾರು ಮಾಡುವರೆಂದು ಕೇಳಲಿಲ್ಲ, ಬರೆದೂ ಇಡಲಿಲ್ಲ. ಬಡ್ತಿಯ ಆದೇಶದಲ್ಲಿ ನನ್ನ ನಾಯಕತ್ವದ ಗುಣವನ್ನು ಹೊಗಳಿದ್ದರು.

ಶಿಬಿರದ ಕೊನೆಯಲ್ಲಿ ನಾನೂ ಎದ್ದು, ಯಾವ ಗ್ರಂಥಾಲಯದಲ್ಲಿ ಯಾವ ಭಾಷೆಯ ಪುಸ್ತಕಗಳಿವೆ, ಅವನ್ನು ಓದಬಲ್ಲ ಸಿಬ್ಬಂದಿ ಇದ್ದಾರೆಯೇ ಎಂಬ ಪಟ್ಟಿಯೊಂದನ್ನು ಸಂಘ ಸಿದ್ಧಪಡಿಸಲಿ, ಗುತ್ತಿಗೆ ನೌಕರರ ಪರವಾಗಿ ಒಂದು ನಿರ್ಣಯವನ್ನಾದರೂ ಮಾಡಲಿ ಎಂದು ಸೂಚಿಸಿದೆ. ಅವು ಆಡಳಿತದ ವಿಷಯಗಳು, ಈ ವೇದಿಕೆಗೆ ಸಲ್ಲವು ಎಂದು ಅಧ್ಯಕ್ಷರು ಸೌಜನ್ಯದಿಂದಲೇ ಹೇಳಿದರು. ಆ ತರುಣಿ ಅಷ್ಟರಲ್ಲಿ ರೈಲಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದಳು.

ವೃತ್ತಿಸಂಘ ಮಾಡದಿದ್ದರೆ ಕನ್ನಡ ಸಂಘಗಳು ಮಾಡಬಹುದು. ರಾಜ್ಯೋತ್ಸವಕ್ಕೆ ಕಲಾವಿದರನ್ನು ವಿಮಾನದಲ್ಲಿ ಕರೆಸುವ ನಾವು ಆ ನಾಲ್ಕು ಊರುಗಳಲ್ಲಿ ಗ್ರಂಥಾಲಯಕ್ಕೆ ಹೋಗಿ, ಕನ್ನಡದ ಪುಸ್ತಕ ಬೇಕೆಂದು ಎಂದಾದರೂ ಲಿಖಿತವಾಗಿ ಕೇಳಿದ್ದೇವೆಯೇ? ಬೇಡಿಕೆಯ ಚೀಟಿ ಬಿದ್ದರೆ ಗಂಟು ಬಿಚ್ಚಲೇಬೇಕಾಗುತ್ತದೆ. ಸೂಚೀಕರಣಕ್ಕೆ ನೆರವಾಗಲು ಸದಸ್ಯರನ್ನು ಕಳಿಸುತ್ತೇವೆಂದು ಸಂಘದ ಕಾಗದದಲ್ಲಿ ಬರೆದು ಕೊಟ್ಟರೆ ಬೇಡವೆನ್ನುವ ಗ್ರಂಥಪಾಲರು ಅಪರೂಪ. ನಾನಂತೂ ಬೇಡವೆನ್ನುತ್ತಿರಲಿಲ್ಲ.

ಹಳೆಯ ಗ್ರಂಥಾಲಯದವರ ಅನುಮತಿ ಪಡೆದು ಕಳೆದ ತಿಂಗಳಿನಿಂದ ಶನಿವಾರಗಳಂದು ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ. ಗಂಟುಗಳು ಇಟ್ಟಲ್ಲಿಯೇ ಇವೆ. ಒಂದಕ್ಕೆ ಗೆದ್ದಲು ಹತ್ತಿದೆ. ಇಬ್ಬರ ನೆರವು ಬೇಕಾಗಿದೆ. ಗ್ರಂಥಾಲಯ ವಿಜ್ಞಾನ ತಿಳಿದಿರಬೇಕಾಗಿಲ್ಲ, ಕನ್ನಡ ಓದಲು ಬಂದರೆ ಸಾಕು. ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು.