ಹಳೆಯ ಗಣಕವನ್ನು ಬಿಡಲೊಲ್ಲದವರು

ಹೊಸದೊಂದು ಯಂತ್ರ ಪೇಟೆಗೆ ಬಂದೊಡನೆ, ಹಳೆಯದನ್ನು ಇಟ್ಟುಕೊಂಡವನು ಹಿಂದುಳಿದವನೆಂದು ತೀರ್ಮಾನಿಸುವುದು ನಮ್ಮ ಕಾಲದ ರೂಢಿಯಾಗಿಬಿಟ್ಟಿದೆ. ಗದಗ-ಬೆಟಗೇರಿಯ ಮುದ್ರಣಾಲಯಗಳನ್ನೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಡಿ.ಟಿ.ಪಿ. ಅಂಗಡಿಗಳನ್ನೂ ಹೊಕ್ಕು ನೋಡಿದ ಪರಸ್ಥಳದವರು ಈ ತೀರ್ಮಾನಕ್ಕೆ ಬಹು ಬೇಗ ಬರುತ್ತಾರೆ. ಅಲ್ಲಿ ಹತ್ತು-ಹನ್ನೆರಡು ವರ್ಷ ಪ್ರಾಯದ ಗಣಕಯಂತ್ರ ಇಂದಿಗೂ ದುಡಿಯುತ್ತಿರುತ್ತದೆ. ಅದರೊಳಗೆ ವಿಂಡೋಸ್ 7, ಒಮ್ಮೊಮ್ಮೆ ಅದಕ್ಕೂ ಹಿಂದಿನ ಎಕ್ಸ್‌ಪಿ. ಅದರ ಮೇಲೆ ಪೇಜ್‌ಮೇಕರ್. ಕೀಲಿಮಣೆಯ ಅಕ್ಷರಗಳು ಬೆರಳು ತಾಗಿ ತಾಗಿ ಅಳಿಸಿಹೋಗಿವೆ. ಅದರ ಮುಂದೆ ಕೂತವನಿಗೆ ಅವುಗಳ ಅವಶ್ಯಕತೆಯೂ ಇಲ್ಲ. ಇದನ್ನು ಕಂಡು ನಕ್ಕು ಹೋಗುವವರು ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ: ಹೊಸದನ್ನು ಕೊಳ್ಳಲು ತಡಮಾಡುವ ಈ ಮನುಷ್ಯ ದಡ್ಡನೋ, ಲೆಕ್ಕ ಬಲ್ಲವನೋ?

ಲೆಕ್ಕ ಬಲ್ಲವನೆಂದೇ ನನ್ನ ಅಭಿಪ್ರಾಯ. ಆದರೆ ಅವನ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ಆ ಬಾಬು ಅವನೊಬ್ಬನದಲ್ಲ; ಕನ್ನಡ ಓದುವ, ಬರೆಯುವ ನಮ್ಮೆಲ್ಲರದು.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕ್ಯಾಲೆಂಡರು, ಪುರಾಣ, ನಾಟಕ, ಶಾಲೆಯ ಪುಸ್ತಕ, ಕಿಸೆಯಲ್ಲಿ ಹಿಡಿಸುವ ಶಬ್ದಕೋಶ ಇವೆಲ್ಲ ಇಲ್ಲಿಂದ ನಾಡಿಗೆಲ್ಲ ಹೋದವು. ವಿಜಯ ಸಂಕೇಶ್ವರರು 1976ರಲ್ಲಿ ಲಾರಿಯ ವ್ಯವಹಾರಕ್ಕೆ ಕೈಹಾಕುವ ಮೊದಲು ಅವರ ಮನೆತನದ ವೃತ್ತಿಯೂ ಈ ಊರಿನ ಮುದ್ರಣ-ಪ್ರಕಾಶನವೇ ಆಗಿತ್ತು. ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯೊಂದೇ ನೂರಾರು ಗ್ರಂಥಗಳನ್ನು ಹೊರತಂದಿದೆ. ಇಂಥ ಊರು ಯಂತ್ರಕ್ಕೆ ಹೆದರುವ ಊರಲ್ಲ. ಸೀಸದ ಮೊಳೆ ಜೋಡಿಸುತ್ತಿದ್ದ ಕೈಗಳೇ ಗಣಕದ ಕೀಲಿಮಣೆಗೆ ಬಂದವು. ಮೊಳೆಯ ಕಾಲದಲ್ಲಿ ಒಂದು ಫಾರಂ ಅಚ್ಚಾದ ಮೇಲೆ ಅದನ್ನು ಬಿಚ್ಚಿ, ಒಂದೊಂದು ಅಕ್ಷರವನ್ನೂ ಮರಳಿ ಅದರ ಮನೆಗೆ ಹಾಕದೆ ಮುಂದಿನ ಫಾರಂ ಜೋಡಿಸುವಂತಿರಲಿಲ್ಲ. ಒತ್ತಕ್ಷರದ ಮೊಳೆ ಸವೆದರೆ ಪುಟವೆಲ್ಲ ಹಲ್ಲುಬಿದ್ದ ಬಾಯಿಯಂತೆ ಕಾಣುತ್ತಿತ್ತು. ಗಣಕ ಬಂದು ಈ ಕಷ್ಟವನ್ನೆಲ್ಲ ಒಂದೇ ಏಟಿಗೆ ಕಳೆಯಿತು. ಲಾಭ ಕಣ್ಣಿಗೆ ಕಂಡಾಗ ಯಾರೂ ತಡಮಾಡಲಿಲ್ಲ. ಮೊಳೆಗಳನ್ನು ತೂಕಕ್ಕೆ ಹಾಕಿ ಗಣಕ ತಂದರು.

ಈಗಿನ ಹೊಸ ಗಣಕ ಅಂಥ ಯಾವ ಲಾಭವನ್ನು ತೋರಿಸುತ್ತದೆ? ಲಗ್ನಪತ್ರಿಕೆಯನ್ನೋ ಜಾತ್ರೆಯ ಕರಪತ್ರವನ್ನೋ ಜೋಡಿಸುವವನ ವೇಗ ಅವನ ಬೆರಳಿನ ವೇಗ. 2012ರ ಯಂತ್ರವೂ ಆ ಬೆರಳಿಗಾಗಿ ಕಾಯುತ್ತದೆ, ಇಂದಿನ ಯಂತ್ರವೂ ಕಾಯುತ್ತದೆ; ಇಂದಿನದು ಇನ್ನಷ್ಟು ಚುರುಕಾಗಿ ಕಾಯುತ್ತದೆ, ಅಷ್ಟೇ ಭೇದ. ತೀರ ನಿಧಾನವಾಯಿತೆಂದರೆ ಊರಿನ ರಿಪೇರಿಯವನು ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಕೂಡಿಸಿ, ಒಂದಿಷ್ಟು ಮೆಮೊರಿ ಸೇರಿಸಿ ಕೊಡುತ್ತಾನೆ. ಯಂತ್ರ ಮತ್ತೆ ನಾಲ್ಕು ವರ್ಷಕ್ಕೆ ಗಟ್ಟಿ. ಮನೆಮಂದಿಯ ಮಾತಂತೂ ಬೇರೆಯೇ. ಹಣ ತುಂಬುವುದು, ಪತ್ರ ಕಳಿಸುವುದು, ಸಿನಿಮಾ ನೋಡುವುದು ಎಲ್ಲವೂ ಫೋನಿಗೆ ಹೋದ ಮೇಲೆ ಮೇಜಿನ ಮೇಲಿನ ಗಣಕಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದಾರೆ. ಕೈಯಲ್ಲಿ ಹದಿನೈದು-ಇಪ್ಪತ್ತು ಸಾವಿರ ಕೂಡಿದರೆ ಅದು ಮಗನ ಫೋನಿಗೆ ಹೋಗುತ್ತದೆಯೇ ಹೊರತು ಗಣಕಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿ. ಕಾಯುವುದನ್ನು ಗಿರಾಕಿಗೆ ಕಲಿಸಿದ್ದು ಈ ವ್ಯಾಪಾರವೇ. ಇಂದು ಕೊಂಡದ್ದು ಮುಂದಿನ ವರ್ಷ ಅದೇ ಬೆಲೆಗೆ ಇನ್ನೂ ಒಳ್ಳೆಯದು ಸಿಗುತ್ತದೆ ಎಂಬುದು ಮೂವತ್ತು ವರ್ಷ ನಡೆದುಬಂದ ನಿಯಮವಾಗಿತ್ತು. ಅವಸರಪಟ್ಟವನು ನಷ್ಟಪಟ್ಟ, ತಾಳಿದವನು ಬಾಳಿದ. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿಯ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಬೆಲೆ ಏರಿದಾಗ ಈ ನಿಯಮ ಮುರಿಯಿತು. ಆದರೆ ಬೆಲೆ ಇಳಿಯಲೆಂದು ಕಾಯುತ್ತಿದ್ದವನು, ಏರಿತೆಂದು ಇನ್ನಷ್ಟು ಕಾಯುತ್ತಾನೆ!

ಮಾರುವವರು ಇದಕ್ಕೆ ಕಂಡುಕೊಂಡ ಉಪಾಯ ಪಂಚಾಂಗದ್ದು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ತನ್ನ ಆಸರೆಯನ್ನು ಹಿಂತೆಗೆಯಿತು. ಕೊನೆಯದಕ್ಕೆ, ಕೇಳಿಕೊಂಡವರಿಗೆ ಮಾತ್ರ, ಒಂದು ವರ್ಷದ ವಾಯಿದೆ ಕೊಟ್ಟಿತು. 2021ರಲ್ಲಿ ಬಂದ ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿ.ಪಿ.ಎಂ. 2.0 ಎಂಬ ಭದ್ರತೆಯ ಭಾಗವಿರಬೇಕು. ಇಂಟೆಲ್ ಪ್ರೊಸೆಸರ್ ಎಂಟನೆಯ ಪೀಳಿಗೆಗಿಂತ ಹಿಂದಿನದಾದರೆ ಹೆಚ್ಚುಕಡಿಮೆ ಎಲ್ಲಕ್ಕೂ ಪ್ರವೇಶವಿಲ್ಲ. ಅಂದರೆ 2016ರಲ್ಲಿ ಸಾಲ ಮಾಡಿ ತಂದ ಗಣಕ ಕೆಟ್ಟಿಲ್ಲ, ನಿಂತಿಲ್ಲ, ಆದರೂ ಅದು ಕೆಲಸಕ್ಕೆ ಬಾರದೆಂದು ದೂರದೇಶದಿಂದ ಅಪ್ಪಣೆಯಾಗಿದೆ. ಉಳುತ್ತಿರುವ ಎತ್ತಿನ ವಯಸ್ಸು ಕೇಳಿ ಅದನ್ನು ಸಂತೆಗೆ ಹೊಡೆಯುವ ರೈತ ಮುಂಡರಗಿ ಸೀಮೆಯಲ್ಲಿ ಇಲ್ಲ. ಗಣಕದ ವಿಷಯದಲ್ಲಿ ಮಾತ್ರ ಅವನು ಹಾಗೆ ಮಾಡಬೇಕೆಂಬುದು ಯಾವ ನ್ಯಾಯವೋ ತಿಳಿಯದು.

ಇಷ್ಟು ಎಲ್ಲ ಊರಿನ ಮಾತಾಯಿತು. ನಮ್ಮ ಊರಿನ, ನಮ್ಮ ನುಡಿಯ ಕಾರಣ ಬೇರೆಯೇ ಒಂದಿದೆ.

ಗಣಕದಲ್ಲಿ ಕನ್ನಡ ಅಕ್ಷರ ಮೂಡಿಸಲು ಮೊದಮೊದಲು ಹೂಡಿದ ಯುಕ್ತಿ ಹೀಗಿತ್ತು: ಯಂತ್ರಕ್ಕೆ ಗೊತ್ತಿರುವುದು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಷ್ಟೇ, ಆ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ತಂದು ಕೂಡಿಸಿದರು. ಯಂತ್ರ ಇಂಗ್ಲಿಷ್ ಎಂದು ತಿಳಿದು ನಡೆಯುತ್ತದೆ. ನಾವು ಕನ್ನಡವೆಂದು ಓದುತ್ತೇವೆ. ಇದನ್ನೇ ವ್ಯವಹಾರದಲ್ಲಿ ಆಸ್ಕಿ ಎನ್ನುತ್ತಾರೆ. ಶೇಷಾದ್ರಿ ವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯಿಂದ ಬಂದ ಶ್ರೀಲಿಪಿ ಮೊದಲಾದವು ಈ ಹಾದಿಯಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಬೆರಳಿಗೆ ಹತ್ತಿಸಿಕೊಂಡು ಸಾವಿರಾರು ಹುಡುಗ-ಹುಡುಗಿಯರು ಅನ್ನ ಕಂಡುಕೊಂಡರು. ಆದರೆ ಒಬ್ಬರ ಫಾಂಟಿನ ಸ್ಥಾನ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡವೂ ಅಲ್ಲದ, ಇಂಗ್ಲಿಷೂ ಅಲ್ಲದ ಒಂದು ಚೆಲ್ಲಾಪಿಲ್ಲಿ ಕಾಣುತ್ತದೆ.

ಎಲ್ಲ ಭಾಷೆಗಳಿಗೂ ತಮ್ಮ ತಮ್ಮ ಸ್ವಂತ ಸ್ಥಾನ ಕೊಟ್ಟ ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಸೇರಿಸಿಕೊಂಡಿತ್ತು. ಎಕ್ಸ್‌ಪಿ ಬಂದಾಗ ಅದರೊಡನೆ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟೇ ಬಂದಿತ್ತು. ಹಾಗಿದ್ದರೂ ಮುದ್ರಣಾಲಯಗಳು ಆ ಕಡೆ ಏಕೆ ಹೊರಳಲಿಲ್ಲ? ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. 1985ರಲ್ಲಿ ಹುಟ್ಟಿ, 1994ರಲ್ಲಿ ಅಡೋಬಿಯ ಕೈಸೇರಿ, 2001ರಲ್ಲಿ ಏಳನೆಯ ಆವೃತ್ತಿ ಕಂಡು, 2004ರಲ್ಲಿ ಬೆಳವಣಿಗೆ ನಿಲ್ಲಿಸಿದ ಈ ತಂತ್ರಾಂಶ ನಮ್ಮ ಜಿಲ್ಲೆಯಲ್ಲಿ ಇನ್ನೂ ಅನ್ನ ಹಾಕುತ್ತಿದೆ. ಇದರ ಬದಲಿಗೆ ಅಡೋಬಿಯೇ ತಂದ ಇನ್‌ಡಿಸೈನ್ ಕನ್ನಡ ಯೂನಿಕೋಡನ್ನು ಬಲ್ಲದು. ಆದರೆ 2013ರಿಂದ ಆ ಕಂಪನಿ ಹೊಸ ಆವೃತ್ತಿಗಳನ್ನು ಒಮ್ಮೆ ಮಾರುವ ಪದ್ಧತಿಯನ್ನು ಬಿಟ್ಟು ಬಾಡಿಗೆಯ ಪದ್ಧತಿಯನ್ನು ಹಿಡಿಯಿತು. ಮಳಿಗೆಗೂ ಬಾಡಿಗೆ, ತಂತ್ರಾಂಶಕ್ಕೂ ಬಾಡಿಗೆ ಎಂದರೆ ಪುಟದ ಲೆಕ್ಕದಲ್ಲಿ ಗಳಿಸುವ ಮನುಷ್ಯ ಹಿಂಜರಿಯುವುದು ಸಹಜ.

ಸಾಲದೆಂಬಂತೆ ಇಪ್ಪತ್ತು ವರ್ಷದ ಹಳೆಯ ಕಡತಗಳೆಲ್ಲ ಆ ಯಂತ್ರದಲ್ಲಿಯೇ ಇವೆ. ಅದೇ ಮಠದ ಅದೇ ಪುರಾಣ ಎರಡು ವರ್ಷಕ್ಕೊಮ್ಮೆ ಮರುಮುದ್ರಣಕ್ಕೆ ಬರುತ್ತದೆ. ತೆರೆದು, ಇಸವಿ ತಿದ್ದಿ, ಹಾಳೆ ತೆಗೆದುಕೊಟ್ಟರೆ ಮುಗಿಯಿತು. ಹೊಸ ಯಂತ್ರಕ್ಕೆ ಹೋದರೆ ಪೇಜ್‌ಮೇಕರ್ ಒಗ್ಗೀತೆಂಬ ಭರವಸೆಯಿಲ್ಲ. ಕೆಲವು ಹಳೆಯ ತಂತ್ರಾಂಶಗಳ ಜೊತೆಗೆ ಬಂದ ಬೀಗದಂಥ ಸಾಧನವನ್ನು ಚುಚ್ಚುವ ರಂಧ್ರವೇ ಹೊಸ ಯಂತ್ರದಲ್ಲಿರುವುದಿಲ್ಲ. ಒಂದು ಗಣಕ ಬದಲಿಸಲು ಹೋದವನು ತಂತ್ರಾಂಶ, ಫಾಂಟು, ಪ್ರಿಂಟರು, ಕೊನೆಗೆ ತನ್ನ ಬೆರಳಿನ ಅಭ್ಯಾಸ ಇಷ್ಟನ್ನೂ ಬದಲಿಸಬೇಕಾಗುತ್ತದೆ. ಹಾಗಿದ್ದಾಗ ತಡಮಾಡುವುದೇ ಜಾಣತನವೆಂದು ಅವನು ಬಗೆದರೆ ತಪ್ಪೆಂದು ಹೇಗೆ ಹೇಳುವುದು?

ಭದ್ರತೆಯ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ರಿಪೇರಿ ಕಾಣದ ವಿಂಡೋಸ್ ಯಂತ್ರಗಳಿಗೆ ಬಡಿದು, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ಕೂಡ ಕೈಕಟ್ಟಿ ಕೂರಬೇಕಾಯಿತು. ಆಸ್ಪತ್ರೆ, ಬ್ಯಾಂಕು, ಸಹಕಾರಿ ಸಂಘ ಇವು ಹಳೆಯ ಯಂತ್ರವನ್ನು ಇಟ್ಟುಕೊಳ್ಳುವುದು ಪರರ ಗಂಟನ್ನು ಬಾಗಿಲಿಲ್ಲದ ಮನೆಯಲ್ಲಿ ಇಟ್ಟಂತೆ. ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘವನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುದ್ರಕನೂ ತನ್ನ ಹಳೆಯ ಗಣಕದ ಇಂಟರ್ನೆಟ್ ತಂತಿಯನ್ನು ಕಿತ್ತಿಟ್ಟು ಒಂದು ಮಟ್ಟಿಗೆ ಎಚ್ಚರ ವಹಿಸುತ್ತಾನೆ. ಗಿರಾಕಿ ತರುವ ಪೆನ್ ಡ್ರೈವ್ ಮಾತ್ರ ಯಾವ ತಂತಿಯನ್ನೂ ಕಾಯದೆ ರೋಗ ಹೊತ್ತು ಬರುತ್ತದೆ.

ಈಗ ಬಿಟ್ಟುಹೋದ ಆ ಬಾಬಿನ ಮಾತು. ಮೊಳೆ ಕರಗಿಸಿದಾಗ ಪುಸ್ತಕ ಉಳಿದಿತ್ತು. ಗಣಕದ ಡಿಸ್ಕ್ ಸತ್ತಾಗಲೂ ಪುಸ್ತಕ ಉಳಿಯುತ್ತದೆಯಲ್ಲ ಎನ್ನಬಹುದು. ಆದರೆ ಒಮ್ಮೆ ಬೆರಳಚ್ಚಾದ, ಕರಡು ತಿದ್ದಿದ ಪಠ್ಯ ಮತ್ತೆ ಮೊದಲಿನಿಂದ ಹುಟ್ಟಬೇಕಾಗುತ್ತದೆ. ಎರಡನೆಯ ಮುದ್ರಣಕ್ಕೆಂದು ಹೋದ ಲೇಖಕರಿಗೆ, ಆ ಗಣಕ ಕೆಟ್ಟಿತು, ಕಡತವಿಲ್ಲ, ಮತ್ತೆ ಟೈಪು ಮಾಡಿಸಿರಿ ಎಂಬ ಉತ್ತರ ಸಿಗುವುದು ಅಪರೂಪವಲ್ಲ. ಚಿಕ್ಕ ಊರಿನ ಲೇಖಕರು ಅಲ್ಲಿಗೇ ಕೈಬಿಡುತ್ತಾರೆ. ಜಾನಪದ ಸಂಗ್ರಹ, ಊರಿನ ಇತಿಹಾಸ, ಶಾಸನಗಳ ಪಾಠ, ಅಭಿನಂದನ ಗ್ರಂಥ ಇಂಥ ಐನೂರು ಪ್ರತಿಯ ಪುಸ್ತಕಗಳಿಗೆ ಎರಡನೆಯ ಜನ್ಮ ಇಲ್ಲವಾಗುವುದು ಹೀಗೆ.

ಇನ್ನೂ ಒಂದು ಕಾರಣಕ್ಕೆ ಇದು ನನ್ನನ್ನು ಕಾಡುತ್ತದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರು ಇದು. ಕಣ್ಣಿಲ್ಲದ ವಿದ್ಯಾರ್ಥಿಗೆ ಕನ್ನಡವನ್ನು ಓದಿ ಹೇಳುವ ತಂತ್ರಾಂಶಗಳು ಈಗ ಇವೆ. ಯೂನಿಕೋಡಿನಲ್ಲಿದ್ದ ಪುಸ್ತಕವನ್ನು ಅವು ಓದುತ್ತವೆ. ಆಸ್ಕಿಯ ಕಡತವನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತವೆ. ಮುದ್ರಣ ಕಾಶಿಯ ಗಣಕಗಳಲ್ಲಿರುವ ಇಷ್ಟೊಂದು ಕನ್ನಡ, ಅದೇ ಊರಿನ ಆಶ್ರಮದ ಹುಡುಗನ ಕಿವಿಗೆ ಮುಟ್ಟುವುದಿಲ್ಲ.

ಇಲ್ಲಿಂದ ಅರ್ಧ ತಾಸಿನ ದಾರಿಯ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ನಮ್ಮ ವಿದ್ಯಾರ್ಥಿಗಳಿಗೆಲ್ಲ ಪಾಠ. ಪರೀಕ್ಷೆಯಲ್ಲಿ ಅವರು ಅದನ್ನು ದಾನವೆಂದು ಬರೆಯುತ್ತಾರೆ. ದಾನ ಹೌದು, ಆದರೆ ಓಲೆಯ ಗರಿ ಎಷ್ಟು ದಿನ ಬಾಳೀತೆಂಬ ಅಂದಾಜು ಅವಳಿಗಿತ್ತೆಂದು ನನಗೆ ತೋರುತ್ತದೆ. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಪಂಪ ಬರೆದದ್ದು ಸಾವಿರ ವರ್ಷ ದಾಟಿ ನಮ್ಮ ಕೈಸೇರಿದ್ದು ಗರಿಯ ಗಟ್ಟಿತನದಿಂದಲ್ಲ. ಗರಿ ಜೀರ್ಣವಾಗುವ ಮುನ್ನ ಯಾರೋ ಕೂತು ಪ್ರತಿ ಎತ್ತಿದ್ದರಿಂದ. ಹಲಗೆ-ಬಳಪದ ಹಂಗಿಲ್ಲದೆ ಬರೆದೆನೆಂದು ಹೆಮ್ಮೆಪಟ್ಟ ಗದುಗಿನ ನಾರಣಪ್ಪನಿಗೂ ಲಿಪಿಕಾರರ ಹಂಗು ತಪ್ಪಲಿಲ್ಲ.

ಆದ್ದರಿಂದ ಗಣಕ ಬದಲಿಸಿರಿ ಎಂದು ನಾನು ಮುದ್ರಕರಿಗೆ ಹೇಳುವುದಿಲ್ಲ. ಕಡತ ಬದಲಿಸಿರಿ ಎನ್ನುತ್ತೇನೆ. ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಬಿಟ್ಟಿಯಾಗಿಯೇ ಸಿಗುತ್ತವೆ. ತಪ್ಪು ಮಾಡುತ್ತವೆ, ನಿಜ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ಅಕ್ಷರದ ಆಮೇಲೆ ಕೂತಿದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಈ ಸ್ಥಳಾಂತರದಲ್ಲಿ ಅದು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಜೋತುಬೀಳುತ್ತದೆ. ಹಳಗನ್ನಡ ಪಠ್ಯವಾದರಂತೂ ಱ, ೞ ಗಳನ್ನು ಕಣ್ಣಿಟ್ಟು ನೋಡಲೇಬೇಕು. ಈ ಕೆಲಸ ಯಂತ್ರದ್ದಲ್ಲ, ಕರಡು ತಿದ್ದುವವರದು. ಅದಕ್ಕೆ ಮುದ್ರಕನೊಬ್ಬನೇ ಹಣ ತೆರಬೇಕೆಂಬುದೂ ಅನ್ಯಾಯ. ಸಹಾಯಧನ ಕೊಟ್ಟು ಪುಸ್ತಕ ಮಾಡಿಸುವ ಅಕಾಡೆಮಿ, ಪ್ರಾಧಿಕಾರಗಳು ಮುದ್ರಿತ ಪ್ರತಿಯ ಜೊತೆಗೆ ಯೂನಿಕೋಡ್ ಕಡತವನ್ನೂ ಕೇಳಿ ಪಡೆದು, ಅದರ ಖರ್ಚನ್ನು ಸಹಾಯಧನದಲ್ಲಿಯೇ ಸೇರಿಸಲಿ. ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರಬಂಧಕ್ಕೆ ಇದೇ ನಿಯಮ ಮಾಡಲಿ. ಲೇಖಕರು ಬಿಲ್ಲು ತೀರಿಸುವ ದಿನ ತಮ್ಮ ಪುಸ್ತಕದ ಕಡತವನ್ನು ಕೇಳಿ ಮನೆಗೆ ಒಯ್ಯಲಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಆಷಾಢದಲ್ಲಿ ಲಗ್ನಪತ್ರಿಕೆಯ ಕೆಲಸವಿರುವುದಿಲ್ಲ. ಕ್ಯಾಲೆಂಡರಿನ ಗದ್ದಲಕ್ಕೂ ಇನ್ನೂ ತಿಂಗಳುಗಳಿರುತ್ತವೆ. ಆ ಬಿಡುವಿನಲ್ಲಿ ಮುದ್ರಣಾಲಯವೊಂದು ದಿನಕ್ಕೆ ಎರಡು ಹಳೆಯ ಪುಸ್ತಕ ತೆರೆದು ಪರಿವರ್ತಿಸಿ ಕೊಟ್ಟರೆ, ಕನ್ನಡ ಎಂ.ಎ. ತರಗತಿಯ ಹುಡುಗ-ಹುಡುಗಿಯರು ಕರಡು ತಿದ್ದಲು ಬಂದಾರು. ಗ್ರಂಥಸಂಪಾದನೆಯ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆ ವಿಷಯವನ್ನು ಕಲಿಸುವ ನಮ್ಮಂಥವರು ಮೊದಲ ವಾರ ಜೊತೆಗೆ ಕೂತರಾಯಿತು.